ಕಂಬಕ್ಕೆ ಕಟ್ಟಿದ ನೀಲಿ ಹಗ್ಗ

ಇಂದು ಬೆಳಿಗ್ಗೆ ಒದ್ದೆ ಚಾದರ ಹರವಿದ್ದೇ ತಡ, ತಾರಸಿಯ ನೈಲಾನ್ ಹಗ್ಗ ಜಗ್ಗಿ ನೆಲ ಮುಟ್ಟಿತು. ನಾನು ನಾಚಿಕೆಯಿಂದ ಮುದುಡಿಹೋದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪಯ್ಯನದೊಂದು ಹಾಯಿದೋಣಿ ಇತ್ತು. ಹೊಳೆಯಲ್ಲಿ ಹಂಚು ಸಾಗಿಸುತ್ತಿದ್ದರು. ಹಾಯಿಯ ಕಂಬವನ್ನು ಎರಡೂ ಬದಿಗೆ ಬಿಗಿದು ನಿಲ್ಲಿಸುವ ಹಗ್ಗ ವರ್ಷದೊಳಗೆ ಸವೆಯುತ್ತಿತ್ತು. ಹೊಸದನ್ನು ಅಜ್ಜಿ ತೆಂಗಿನ ನಾರಿನಿಂದ ಹೊಸೆಯುತ್ತಿದ್ದರು. ಅವರ ಸೀರೆಗೂ ನಾರಿಗಾಗಿ ನೀರಲ್ಲಿ ಕೊಳೆಸಿದ ಸಿಪ್ಪೆಯ ವಾಸನೆ.

ಒಂದು ವರ್ಷ ಅಪ್ಪಯ್ಯ ಕುಂದಾಪುರದಿಂದ ನೀಲಿ ನೈಲಾನ್ ಹಗ್ಗ ತಂದು ಕಟ್ಟಿದರು. "ಇನ್ನ್ ಹರಿತ್ ಅಂಬ ಹೆದ್ರಿಕೆ ಇಲ್ಲೆ" ಎಂದರು. ಅಜ್ಜಿ ಎದ್ದು ಹಿತ್ತಲಿಗೆ ಹೋದರು. ನಾನು ಕ್ಲಾಸಿನ ಹುಡುಗಿಯರಿಗೆಲ್ಲ ಜಂಬದಿಂದ ಹೇಳಿ ಬಂದೆ.

ಮಳೆಗಾಲ ಕಳೆದು, ಕಾಯಿ ಒಡೆದು ದೋಣಿಯನ್ನು ನೀರಿಗಿಳಿಸುವ ದಿನ ದಡದ ತುಂಬ ಜನ, ನನ್ನ ಗೆಳತಿಯರೂ. ಹಾಯಿಗೆ ಗಾಳಿ ತುಂಬಿದಂತೆ ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿತು. ಕಂಬ ನಿಧಾನವಾಗಿ ವಾಲಿತು.

"ಹ್ವಾಯ್, ನಿಮ್ ಕಂಬ ಕುಡ್ಕಂಡ್ ಬಂದಿತ್ತಾ?" ಯಾರೋ ಕೂಗಿದರು. ಎಲ್ಲರೂ ನಕ್ಕರು, ಗೆಳತಿಯರೂ. ನಾನು ತಲೆಯೆತ್ತಲಿಲ್ಲ.

ಅಪ್ಪಯ್ಯ ಹಾಯಿ ಇಳಿಸಿ ದೋಣಿಯನ್ನು ದಡಕ್ಕೆ ತಂದರು. ಅಷ್ಟರಲ್ಲಿ ಅಜ್ಜಿ ಮನೆಯಿಂದ ಬಂದರು, ತಲೆಯ ಮೇಲೆ ನಾರಿನ ಹಗ್ಗದ ಸುರುಳಿ. ಯಾರಿಗೂ ಹೇಳದೆ ಆ ವರ್ಷವೂ ಹೊಸೆದಿಟ್ಟಿದ್ದರು.

"ಕಟ್ಟ್ ಮಗಾ" ಎಂದರು, ಅಷ್ಟೇ.

ಅಷ್ಟೂ ಜನರ ಎದುರು ಅಪ್ಪಯ್ಯ ನೀಲಿ ಹಗ್ಗ ಬಿಚ್ಚಿದರು. ಅವರ ಕಿವಿ ಕೆಂಪಾಗಿತ್ತು. ಎಸೆಯಲು ಮನಸ್ಸಾಗದೆ ಅದನ್ನು ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದರು. ಹೊಳೆದಾರಿಯಲ್ಲಿ ಹೋಗುವವರೆಲ್ಲ ವರ್ಷಗಟ್ಟಲೆ ಅದನ್ನು ನೋಡಿದರು.

ಇಂದು ಚಾದರ ಎತ್ತಿ ಹಗ್ಗ ಬಿಗಿಯುತ್ತಿದ್ದಾಗ ನನ್ನ ಕಣ್ಣು ಪಕ್ಕದ ಮನೆಯ ತಾರಸಿಯತ್ತ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಗಿತ್ತು.