ಮೊಂಡಕ್ಕನ ಮಸುಕು ಲೋಟ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೊಂಡಕ್ಕ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ರಸಾಯನಶಾಸ್ತ್ರ ಓದಿದವಳು. ಪ್ಲಾಸ್ಟಿಕ್ ಲೋಟ ಮಾಡುವ ಆ ಕಾರ್ಖಾನೆ ಅವಳ ಅಕ್ಕನ ಗಂಡನದು. ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಲೋಟಕ್ಕೆ ಬೇಡಿಕೆ ಬಂದಾಗ ಭಾವ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್ ಕಾಳು ತರಿಸಿ, ನಾದಿನಿಯನ್ನು ಕೆಲಸಕ್ಕೆ ಕರೆದಿದ್ದ.

ಲೋಟಗಳೇನೋ ಗಾಜಿನಂತೆ ಹೊಳೆದವು. ಆದರೆ ಬಿಸಿ ಚಹಾ ಬಿದ್ದ ಕೂಡಲೇ ಸೊಂಟ ಮುರಿದವರಂತೆ ಕುಸಿದವು. ಗಿರಾಕಿಯೊಬ್ಬನ ತೊಡೆ ಸುಟ್ಟಿತೆಂದು ಲೋಟ ಕೊಂಡಿದ್ದ ಕ್ಯಾಂಟೀನಿನ ಯಜಮಾನ ಸರಕನ್ನೆಲ್ಲ ವಾಪಸು ತಂದು ಅಂಗಳದಲ್ಲಿ ಸುರಿದ.

ಭಾವ ಅವಳನ್ನು ಪಕ್ಕಕ್ಕೆ ಕರೆದ. "ನೋಡಮ್ಮ, ಮಾಮೂಲಿ ಪ್ಲಾಸ್ಟಿಕ್ ಸ್ವಲ್ಪ ಬೆರೆಸಿಬಿಡೋಣ. ಲೋಟ ಗಟ್ಟಿಯಾಗುತ್ತೆ. ಮಣ್ಣು ಅಗೆದು ನೋಡೋರು ಯಾರು?"

"ಬೆರೆಸಿ ಭಾವ. ಆದರೆ ಕರಗುತ್ತೆ ಅಂತ ಡಬ್ಬದ ಮೇಲೆ ಹಾಕಬೇಡಿ."

"ಹಾಕದಿದ್ರೆ ಕೊಳ್ಳೋರು ಯಾರು?"

"ಹಾಗಾದ್ರೆ ಬೆರೆಸೋದೂ ಬೇಡ. ನಾನಿರೋವರೆಗೂ ಆ ಮಾಮೂಲಿ ಪ್ಲಾಸ್ಟಿಕ್ ಮೂಟೆ ಯಂತ್ರದ ಬಾಯಿಗೆ ಬೀಳಲ್ಲ."

ಮಧ್ಯಾಹ್ನದ ಊಟವನ್ನೂ ಅವಳು ಯಂತ್ರದ ಪಕ್ಕದಲ್ಲೇ ಕೂತು ಮಾಡಿದಳು.

ಕರಗಿದ ಕಾಳು ಅಚ್ಚಿಗಿಳಿದಾಗ ಅದರೊಳಗೆ ಸಣ್ಣ ಸಣ್ಣ ಹರಳು ಕಟ್ಟಬೇಕು. ಆಗಲೇ ಲೋಟ ಬಿಸಿ ತಡೆಯುವುದು. ಈ ಪ್ಲಾಸ್ಟಿಕ್ಕೋ ಮಹಾ ಸೋಮಾರಿ, ಹರಳು ಕಟ್ಟುವ ಮೊದಲೇ ತಣ್ಣಗಾಗಿಬಿಡುತ್ತಿತ್ತು. ಅವಳು ಮುಖಕ್ಕೆ ಹಚ್ಚುವ ಪೌಡರಿನಲ್ಲಿರುವಂಥ ಟಾಲ್ಕ್ ಪುಡಿಯನ್ನು ಬೆರೆಸಿದಳು. ಅದರ ಕಣಗಳ ಸುತ್ತ ಹರಳು ಕಟ್ಟತೊಡಗಿತು. ಪುಡಿ ಹೆಚ್ಚಾದಾಗ ಲೋಟ ಒಣಗಿದೆಲೆಯಂತೆ ಮುರಿಯಿತು. ಮೆದುವಾಗಲೆಂದು ನಿಂಬೆಹುಳಿಯಿಂದ ತಯಾರಿಸಿದ, ಎಣ್ಣೆಯಂಥ ದ್ರವ ಸೇರಿಸಿದಳು. ಅದು ಮಿತಿ ಮೀರಿದಾಗ ಲೋಟವೇ ಬೆವರಿತು. ಹರಳು ಕಟ್ಟಲು ಸಮಯ ಸಿಗಲೆಂದು ಅಚ್ಚನ್ನು ತಣಿಸುವ ಬದಲು ಬಿಸಿಯಾಗಿಯೇ ಇಟ್ಟಳು, ಯಂತ್ರ ನಿಧಾನವಾಯಿತು.

"ಲೋಟ ಮಾಡ್ತಿದ್ದೀಯೋ, ಮೊಟ್ಟೆಗೆ ಕಾವು ಕೊಡ್ತಿದ್ದೀಯೋ?" ಎಂದು ಭಾವ ಹಂಗಿಸಿದ.

"ಕಾವೇ ಕೊಡ್ತಿದ್ದೀನಿ. ಮರಿ ಬಂದಾಗ ನೋಡಿ."

ಕೊನೆಗೂ ಗಟ್ಟಿ ಲೋಟ ಹೊರಬಂತು. ಹೊಳಪಿಲ್ಲ, ಮಸುಕು ಬಿಳುಪು. ಕ್ಯಾಂಟೀನಿನ ಯಜಮಾನನನ್ನು ಕರೆಸಿ, ಅವನೆದುರು ಕುರ್ಚಿಯಲ್ಲಿ ಕೂತು, ಲೋಟವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುದಿಯುವ ನೀರು ಸುರಿದಳು.

"ಬೇಡ ಕಣೇ!" ಎಂದು ನೋಡುತ್ತಿದ್ದ ಅವಳ ಅಕ್ಕ ಕಿರುಚಿದಳು.

ಲೋಟ ಅಲುಗಲಿಲ್ಲ. ಮೊಂಡಕ್ಕನೂ ಅಲುಗಲಿಲ್ಲ.

"ನಿಂತಿದೆ, ಸರಿ. ನೋಡೋಕೆ ಕೊಳಕಾಗಿದೆಯಲ್ಲಮ್ಮ. ಮಣ್ಣಲ್ಲಾದರೂ ಬೇಗ ಕರಗುತ್ತಾ?" ಎಂದ ಯಜಮಾನ.

ಹೂಂ ಅನ್ನು ಎಂದು ಭಾವ ಕಣ್ಸನ್ನೆ ಮಾಡಿದ.

"ಇಲ್ಲ. ಮೊದಲಿನದಕ್ಕಿಂತ ನಿಧಾನ. ಹಿತ್ತಲಲ್ಲಿ ಹೂತರೆ ಹಾಗೇ ಬಿದ್ದಿರುತ್ತೆ, ಕಸ ಕೊಳೆಸಿ ಗೊಬ್ಬರ ಮಾಡೋ ಘಟಕದ ಕಾವಿಗೇ ಹಾಕಬೇಕು. ಬೇಕಿದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ. ಸುಳ್ಳು ಹೇಳಿ ಮಾರಲ್ಲ."

ಯಜಮಾನ ಎದ್ದು ಹೋದ, ಮತ್ತೆ ಬರಲಿಲ್ಲ. ಭಾವ ಅವಳೊಡನೆ ಮಾತು ಬಿಟ್ಟ. ಅವಳು ಒಂದು ಮೂಟೆ ಲೋಟ ಹೊತ್ತು ತಾನೇ ಊರಾಚೆಯ ಗೊಬ್ಬರ ಘಟಕಕ್ಕೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಹೆಸರಿಗಷ್ಟೇ ಕರಗುವ ಲೋಟಗಳನ್ನು ಗೊಬ್ಬರದಿಂದ ಹೆಕ್ಕಿ ಹೆಕ್ಕಿ ರೋಸಿಹೋಗಿದ್ದಳು. ಮೊಂಡಕ್ಕ ತಂದ ಲೋಟಗಳನ್ನು ಗೊಬ್ಬರದ ರಾಶಿಗೆ ಸೇರಿಸಿ ಕಾದಳು. ತಿಂಗಳುಗಳ ಮೇಲೆ ಜರಡಿ ಹಿಡಿದಾಗ ಚೂರೂ ಸಿಗಲಿಲ್ಲ. ತಮಗೆ ಕಸ ಕಳಿಸುವ ಅಂಗಡಿಗಳಿಗೆ ಇನ್ನು ಇದೇ ಲೋಟ ಎಂದು ಕಟ್ಟುನಿಟ್ಟು ಮಾಡಿದಳು.

ಈಗ ಡಬ್ಬದ ಮೇಲೆ 'ಹಿತ್ತಲಲ್ಲಿ ಹೂಳಬೇಡಿ' ಎಂದು ದೊಡ್ಡದಾಗಿ ಅಚ್ಚಾಗಿದೆ. ಇದನ್ನು ಓದಿ ಯಾರು ಕೊಳ್ತಾರೆ ಎಂದು ಭಾವ ಗೊಣಗುತ್ತಾನೆ. ಗೊಣಗುತ್ತಲೇ ಡಬ್ಬಗಳನ್ನು ಲಾರಿಗೆ ಹೇರುತ್ತಾನೆ.