ಮೆರ್ಲ್ ಕಳಿಸಿದ ಹನ್ನೆರಡು ಮೊಟ್ಟೆ

ಮೆರ್ಲ್ ಟ್ರೆಗೆನ್ಜಾ ವಿಮೆಯ ಹಣಕ್ಕಾಗಿ ಪೆಟ್ಟಿಗೆಯಲ್ಲಿ ಇಟ್ಟಿಗೆ ತುಂಬಿ ಕಳಿಸಿದಳೆಂದು ನಮ್ಮ ಬಂದರು ಊರು ಡೆವನ್‌ಪೋರ್ಟ್‌ನಲ್ಲಿ ಮಾತಿದೆ. ಇಟ್ಟಿಗೆ ತುಂಬಿದ್ದು ನಿಜ, ಹಣಕ್ಕಾಗಿ ಅಲ್ಲ.

ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳನ್ನು ದುರಸ್ತಿ ಮಾಡಿ ಹಡಗಿನಲ್ಲಿ ಮೆಲ್ಬರ್ನ್‌ಗೆ ಕಳಿಸುವುದು ಅವಳ ಕಸುಬು. ಮೂವತ್ತು ಕಿಲೋದ ಒಂದು ಆಂಪ್ಲಿಫೈಯರ್ ನುಜ್ಜುಗುಜ್ಜಾಗಿ ತಲುಪಿತು. ಗಾಜಿನ ಬಲ್ಬಿನಂಥ ವಾಲ್ವ್‌ಗಳನ್ನು ಬಿಡಿಸಿ ಬೇರೆಯಾಗಿ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು, ನಡುವೆ ಗಟ್ಟಿ ಫೋಮ್ ತುಂಬಿದ್ದಳು. ಆದರೂ ಸಾಗಣೆ ಕಂಪನಿಯಲ್ಲಿ ವಿಮೆ ನೋಡುವ ಕಾಲಿನ್ ಡ್ವೈಯರ್, ‘ಪ್ಯಾಕಿಂಗ್ ಸಾಲದು’ ಎಂದು ಬರೆದು, ಕ್ಲೇಮ್ ತಳ್ಳಿಹಾಕಿ ಕೈತೊಳೆದುಕೊಂಡ. ಆ ಎರಡು ಪದಗಳಿಂದ ಅವಳ ಇಪ್ಪತ್ತು ವರ್ಷಗಳ ಹೆಸರು ಹೋಯಿತು, ಗಿರಾಕಿಗಳೂ ಹೋದರು.

ಮೆರ್ಲ್ ಅದೇ ಬಗೆಯಲ್ಲಿ ಮೂವತ್ತು ಕಿಲೋ ಇಟ್ಟಿಗೆಯನ್ನೂ, ವಾಲ್ವ್‌ಗಳ ಜಾಗದಲ್ಲಿ ಹನ್ನೆರಡು ಹಸಿ ಮೊಟ್ಟೆಗಳನ್ನೂ ಪ್ಯಾಕ್ ಮಾಡಿ, ಅದೇ ಕಂಪನಿಯ ಹಡಗಿನಲ್ಲಿ ಮೆಲ್ಬರ್ನ್‌ನಲ್ಲಿದ್ದ ಕಾಲಿನ್‌ನ ಕಚೇರಿಗೆ ಕಳಿಸಿದಳು. ಹಿಂದೆಯೇ ತಾನೂ ಹೋದಳು.

“ಬಿಚ್ಚಪ್ಪಾ ಕಾಲಿನ್, ಎಲ್ರೂ ನೋಡ್ಲಿ.”

ಒಂದು ಮೊಟ್ಟೆಯೂ ಒಡೆದಿರಲಿಲ್ಲ.

“ಈಗ್ ಹೇಳು, ನನ್ ಪ್ಯಾಕಿಂಗ್ ಸಾಲ್ದಾ, ನಿಮ್ಮೋರು ಎತ್ ಹಾಕಿದ್ರಾ?”

“ಆಯ್ತು ಮಾರಾಯ್ತಿ, ಕ್ಲೇಮ್ ಪಾಸ್ ಮಾಡ್ತೀನಿ. ಮೊಟ್ಟೆ ತಗೊಂಡ್ ನಡಿ.”

“ಹಣ ಆಮೇಲೆ. ಮೊದ್ಲು ‘ತಪ್ಪು ನಮ್ದು’ ಅಂತ ನಿನ್ ಕೈಯಾರೆ ಬರಿ.”

ಅವನು ಬರೆದ. ಆ ಕಾಗದ ಈಗ ಅವಳ ಅಂಗಡಿಯ ಬಾಗಿಲಲ್ಲಿದೆ, ಗಿರಾಕಿಗಳು ಮರಳಿದ್ದಾರೆ. ಮೆರ್ಲ್ ಮಾತ್ರ ಕ್ಷಮಿಸಿಲ್ಲ. ಪ್ರತಿ ತಿಂಗಳೂ ಕಾಲಿನ್‌ನ ಮೇಜಿಗೆ ಇಟ್ಟಿಗೆ, ಮೊಟ್ಟೆ ತುಂಬಿದ ಮೂವತ್ತು ಕಿಲೋದ ಪೆಟ್ಟಿಗೆಯೊಂದು ಹೋಗುತ್ತಿದೆ.