ಮಗುಚಿ ಬಿದ್ದ ನಕ್ಷೆ

ತರಬೇತಿಗೆಂದು ಬರುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಾಕಪ್ಪಾ ಸಾಕು. ಸವಳಂಗ ರಸ್ತೆಯಲ್ಲಿ ಆರ್ಕಿಟೆಕ್ಟ್ ಶಶಿಧರ್ ಸಾಹೇಬರ ಆಫೀಸಿನಲ್ಲಿ ಹದಿನಾರು ವರ್ಷ ನಕ್ಷೆ ಎಳೆದವನು ನಾನು, ಗೋವಿಂದ. ಎಷ್ಟು ಜನಕ್ಕೆ ಕಲಿಸಲಿ? ಕೈ ಪಳಗುವಷ್ಟರಲ್ಲಿ ಹೋಗಿಬಿಡುತ್ತಾರೆ. ತೊಂಬತ್ತೇಳರಲ್ಲಿ ಭದ್ರಾವತಿಯಿಂದ ಶೀಲಾ ಬಂದಾಗ ಕಲಿಸುವ ಗೋಜಿಗೇ ಹೋಗದೆ ಪ್ರಿಂಟ್ ತೆಗೆಯಲು ಹಚ್ಚಿದೆ.

ಕಣ್ಣು ಉರಿಯುವ ಕೆಲಸ ಅದು. ನಕ್ಷೆ ಎಳೆದ ತೆಳು ಹಾಳೆಯನ್ನು ಪ್ರಿಂಟ್ ಕಾಗದದ ಮೇಲಿಟ್ಟು ಬೆಳಕು ಕೊಟ್ಟು, ಆಮೇಲೆ ಗೆರೆ ಮೂಡಲು ಕಾಗದವನ್ನು ಅಮೋನಿಯಾ ಹೊಗೆಯ ಪೆಟ್ಟಿಗೆಯಲ್ಲಿಡಬೇಕು. ಶೀಲಾಳ ಅಪ್ಪ ಕಾರ್ಖಾನೆಯ ಕೆಲಸಗಾರ. ಅವಳು ಡಿಪ್ಲೊಮಾ ವಿದ್ಯಾರ್ಥಿನಿ. ಆರು ತಿಂಗಳ ತರಬೇತಿ ಪತ್ರಕ್ಕೆ ಸಾಹೇಬರ ಸಹಿ ಬಿದ್ದರೆ ಡಿಪ್ಲೊಮಾ ಕೈಗೆ ಬರುತ್ತಿತ್ತು, ಅದರ ಮೇಲೆ ಆರ್ಕಿಟೆಕ್ಟ್ ಓದು.

"ಒಂದು ಮೆಟ್ಟಿಲಾದ್ರೂ ಎಳೆಯಕ್ಕೆ ಕೊಡಿ ಗೋವಿಂದಣ್ಣ," ಎನ್ನುತ್ತಿದ್ದಳು.

"ನಾಳೆ ನೋಡೋಣ ಮಾರಾಯ್ತಿ," ಎನ್ನುತ್ತಿದ್ದೆ. ಹೀಗೇ ಐದು ತಿಂಗಳು ಕಳೆಯಿತು.

ತರಬೇತಿ ಮುಗಿಯಲು ಹನ್ನೊಂದು ದಿನ ಇತ್ತು. ವಿನೋಬನಗರದ ಪೂರ್ವ ದಿಕ್ಕಿನ ಮನೆಯೊಂದರ ಪಾಯಕ್ಕೆ ಪ್ರಿಂಟ್ ಈಗಲೇ ಬೇಕೆಂದು ಮೇಸ್ತ್ರಿ ಮಂಜಪ್ಪ ಬಂದು ನಿಂತ. ಶೀಲಾ ಕಣ್ಣು ತೊಳೆಯಲು ನಲ್ಲಿಗೆ ಹೋಗಿದ್ದಳು. ಗೊಣಗುತ್ತ ನಾನೇ ಹಾಳೆ ಇಟ್ಟೆ, ಬಂದ ಪ್ರಿಂಟನ್ನು ನೋಡದೆ ಸುತ್ತಿ ಅವನ ಕೈಗೆ ತುರುಕಿದೆ. ಹಾಳೆ ಮಗುಚಿ ಬಿದ್ದಿತ್ತು. ನಕ್ಷೆಯ ಎಡ ಬಲವಾಗಿತ್ತು. ಅಕ್ಷರಗಳೂ ತಿರುಗಿದ್ದವು, ಆದರೆ ಮಂಜಪ್ಪನಿಗೆ ಓದು ಬರದು. ಗೆರೆ ನೋಡಿ ಕಟ್ಟುವವನು. ಆ ವಾರ ಸಾಹೇಬರೂ ಸೈಟಿನ ಕಡೆ ಹೋಗಲಿಲ್ಲ. ಪಾಯ ಎದ್ದಾಗ ಆಗ್ನೇಯದ ಅಡಿಗೆಮನೆ ಈಶಾನ್ಯದಲ್ಲಿತ್ತು.

ಮನೆ ಯಜಮಾನರು ಆಫೀಸಿಗೇ ಬಂದು ಕೂಗಾಡಿ ಹೋದರು. ಸಾಹೇಬರು ಪ್ರಿಂಟನ್ನು ಶೀಲಾಳ ಮುಂದೆ ಎಸೆದರು.

"ಏನಮ್ಮಾ ಇದು?"

"ಇದು ನಾನು ತೆಗ್ದಿದ್ದಲ್ಲ ಸರ್."

"ಮತ್ತಿನ್ಯಾರು? ದಿನಾ ಪ್ರಿಂಟ್ ತೆಗೆಯೋಳು ನೀನಲ್ವಾ?"

ಅವಳು ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ, ನಾನೇ ಹೇಳುತ್ತೇನೆಂದು ಕಾದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ಅದನ್ನೂ ಮಾಡಲಿಲ್ಲ. ಬೋರ್ಡಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಲೇ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು! ಸಾಹೇಬರು ಅವಳ ಪತ್ರಕ್ಕೆ ಸಹಿ ಹಾಕಲಿಲ್ಲ.

ಬೇರೆ ಆಫೀಸಿನಲ್ಲಿ ಮತ್ತೆ ಆರು ತಿಂಗಳು ಸಂಬಳವಿಲ್ಲದೆ ಕಳೆಯಲು ಅವಳಿಂದ ಆಗಲಿಲ್ಲ. ಅಷ್ಟರಲ್ಲಿ ಅಪ್ಪನ ಕೆಲಸ ಹೋಗಿ ಮನೆಯ ಭಾರ ಅವಳ ಮೇಲೆ ಬಿತ್ತಂತೆ. ಓದು ಅಲ್ಲಿಗೇ ನಿಂತಿತು. ನಾನು ಎರಡು ವರ್ಷ ಒಳಗೊಳಗೇ ಬೆಂದು, ಕೊನೆಗೊಂದು ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ. ಶೀಲಾ ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ನಾನು ಹೋದಾಗ ಮಕ್ಕಳ ಪುಸ್ತಕ ತಿದ್ದುತ್ತ ಕೂತಿದ್ದಳು. ಅವಳ ತಾಯಿ ಕಾಫಿ ತಂದುಕೊಟ್ಟರು.

"ಅವತ್ತು ಹಾಳೆ ಮಗುಚಿ ಇಟ್ಟಿದ್ದು ನಾನೇ ಕಣಮ್ಮ," ಎಂದೆ.

ಅವಳು ಪೆನ್ನು ಕೆಳಗಿಡಲಿಲ್ಲ. "ಸಾಹೇಬ್ರಿಗೆ ಹೇಳಿದ್ರಾ ಗೋವಿಂದಣ್ಣ?"

"ಇಲ್ಲಮ್ಮ."

"ಮತ್ತೆ ನಂಗ್ಯಾಕೆ ಹೇಳ್ತೀರಿ? ನಂಗೆ ಅವತ್ತೇ ಗೊತ್ತಿತ್ತಲ್ಲ."

ಕಾಫಿ ಕುಡಿದು ಎದ್ದು ಬಂದೆ. ಸೋಮವಾರ ಆಫೀಸಿನಲ್ಲಿ ಸಾಹೇಬರು, "ಏನು ಗೋವಿಂದ, ಏನೋ ಹೇಳ್ಬೇಕು ಅನ್ನೋ ಹಂಗೆ ನಿಂತಿದೀಯ?" ಎಂದು ಕೇಳಿದರು.

"ಏನಿಲ್ಲ ಸರ್," ಎಂದೆ.